ಫೋನಿನಲ್ಲಿ ಬರೆದದ್ದು ಕಂಪ್ಯೂಟರಿನಲ್ಲೂ ಕಾಣಲಿ

ಗೂಗಲ್ ಕ್ಯಾಲೆಂಡರನ್ನು ಕಂಪ್ಯೂಟರಿನ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶಕ್ಕೆ ಜೋಡಿಸುವುದು ಹತ್ತು ನಿಮಿಷದ ಕೆಲಸ. ಆದರೂ ಬಹಳ ಜನ ಎಡವುತ್ತಾರೆ. ಎಡವಿದ್ದು ಗೊತ್ತಾಗುವುದು ಹದಿನೈದು ದಿನ ಕಳೆದು, ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪಿದ ಮೇಲೆ.

ಮೊದಲು ದಾರಿ ಆರಿಸಿಕೊಳ್ಳಿ. ಮೂರು ದಾರಿಗಳಿವೆ, ಅದರಲ್ಲಿ ಎರಡು ಸಿಂಕ್ (ಒಂದು ಕಡೆ ಬದಲಿಸಿದ್ದು ಇನ್ನೊಂದು ಕಡೆಯೂ ತಾನಾಗಿ ಬದಲಾಗುವುದು) ಅಲ್ಲವೇ ಅಲ್ಲ. ಗೂಗಲ್‌ನಿಂದ ಐಸಿಎಸ್ ಫೈಲ್ (ಕ್ಯಾಲೆಂಡರಿನ ನಮೂದುಗಳಿರುವ ಫೈಲ್) ಇಳಿಸಿಕೊಂಡು ಇಂಪೋರ್ಟ್ ಮಾಡಿದರೆ ಸಿಗುವುದು ಆ ದಿನದ ಜೆರಾಕ್ಸ್ ಮಾತ್ರ; ನಾಳೆ ಫೋನಿನಲ್ಲಿ ಏನು ಬದಲಿಸಿದರೂ ಇಲ್ಲಿಗೆ ಬರುವುದಿಲ್ಲ. ಗೂಗಲ್ ಕೊಡುವ 'ಸೀಕ್ರೆಟ್ ಅಡ್ರೆಸ್' ಹಾಕಿಕೊಂಡರೆ ಬದಲಾವಣೆಗಳು ಬರುತ್ತವೆ, ಆದರೆ ನೀವು ಓದಬಹುದಷ್ಟೇ, ಬರೆಯಲಾಗದು. ಆ ವಿಳಾಸ ಕೈಗೆ ಸಿಕ್ಕವರೆಲ್ಲ ನಿಮ್ಮ ಕ್ಯಾಲೆಂಡರ್ ಪೂರ್ತಿ ಓದಬಲ್ಲರು. ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಟ್ಟಿದ್ದರೆ ಗೂಗಲ್ ಕ್ಯಾಲೆಂಡರಿನ ಸೆಟ್ಟಿಂಗ್ಸ್‌ನಲ್ಲಿ ಈಗಲೇ ರೀಸೆಟ್ ಮಾಡಿ. ಎರಡೂ ಕಡೆಯಿಂದ ಬರೆಯಬೇಕೆಂದರೆ ಮೂರನೆಯದೇ ಸರಿ: ಕ್ಯಾಲ್‌ಡ್ಯಾವ್, ಅಂದರೆ ಇಂಟರ್ನೆಟ್ ಮೂಲಕ ಕ್ಯಾಲೆಂಡರನ್ನು ಓದಿ ಬರೆಯುವ ವ್ಯವಸ್ಥೆ.

ಇದಕ್ಕೆ ಬೇರೆ ಆಡ್-ಆನ್ ಬೇಡ. 2020ರ 78ನೇ ಆವೃತ್ತಿಯಿಂದ ಥಂಡರ್‌ಬರ್ಡ್‌ನೊಳಗೇ ಕ್ಯಾಲೆಂಡರ್ ಇದೆ. 'ಲೈಟ್ನಿಂಗ್ ಹಾಕಿಕೊಳ್ಳಿ' (ಹಿಂದೆ ಕ್ಯಾಲೆಂಡರಿಗಾಗಿ ಇದ್ದ ಆಡ್-ಆನ್) ಎನ್ನುವ ಸೂಚನೆ ಎಲ್ಲಾದರೂ ಕಂಡರೆ ಅದು ಹಳೆಯ ಕಾಲದ್ದು. ಜಿಮೇಲ್ ಪಾಸ್‌ವರ್ಡನ್ನು ತಮ್ಮದೇ ಪೆಟ್ಟಿಗೆಯಲ್ಲಿ ಟೈಪ್ ಮಾಡಿಸಿಕೊಳ್ಳುವ 'ಸಿಂಕ್' ತಂತ್ರಾಂಶಗಳ ಹತ್ತಿರವೂ ಸುಳಿಯಬೇಡಿ.

ಎಡಪಟ್ಟಿಯ ಕ್ಯಾಲೆಂಡರ್ ಗುರುತು ಒತ್ತಿ, 'ನ್ಯೂ ಕ್ಯಾಲೆಂಡರ್', ಅದರಲ್ಲಿ 'ಆನ್ ದಿ ನೆಟ್‌ವರ್ಕ್'. ಯೂಸರ್‌ನೇಮ್ ಜಾಗದಲ್ಲಿ ಜಿಮೇಲ್ ವಿಳಾಸ ಪೂರ್ತಿ ಬರೆಯಿರಿ. ಲೊಕೇಶನ್ ಖಾಲಿ ಬಿಡಿ. 'ಫೈಂಡ್ ಕ್ಯಾಲೆಂಡರ್ಸ್' ಒತ್ತಿದರೆ ಗೂಗಲ್‌ನ ಲಾಗಿನ್ ಕಿಟಕಿ ತೆರೆಯುತ್ತದೆ. ಲಾಗಿನ್ ಆಗಿ, ಅನುಮತಿ ಕೊಡಿ. ಕಿಟಕಿ ಖಾಲಿ ಬಂದರೆ ಅಥವಾ ಲಾಗಿನ್ ಮಾಡಿದಷ್ಟೂ ಮತ್ತೆ ಲಾಗಿನ್ ಕೇಳುತ್ತಿದ್ದರೆ ಪಾಸ್‌ವರ್ಡ್ ತಪ್ಪೆಂದುಕೊಂಡು ಬದಲಿಸಲು ಹೋಗಬೇಡಿ. ಥಂಡರ್‌ಬರ್ಡ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಕುಕೀಗಳನ್ನು (ಲಾಗಿನ್ ನೆನಪಿಟ್ಟುಕೊಳ್ಳುವ ಪುಟ್ಟ ಮಾಹಿತಿ ತುಣುಕುಗಳು) ನಿಲ್ಲಿಸಿದ್ದೀರಾ ನೋಡಿ. ಕುಕೀ ಇಲ್ಲದೆ ಗೂಗಲ್ ಒಳಗೆ ಬಿಡುವುದಿಲ್ಲ.

ನಂತರ ನಿಮ್ಮ ಕ್ಯಾಲೆಂಡರುಗಳ ಪಟ್ಟಿ ಬರುತ್ತದೆ. ಬೇಕಾದವಕ್ಕಷ್ಟೇ ಟಿಕ್ ಹಾಕಿ 'ಸಬ್‌ಸ್ಕ್ರೈಬ್' ಮಾಡಿ. ಹುಟ್ಟುಹಬ್ಬಗಳ ಕ್ಯಾಲೆಂಡರ್ ಬಂದರೆ ಅದರ ಟಿಕ್ ತೆಗೆಯಿರಿ. ಎಂದೋ ಒಮ್ಮೆ ಮೇಲ್ ಕಳಿಸಿದವರ ಜನ್ಮದಿನವೆಲ್ಲ ಪರದೆ ತುಂಬುವುದು ಬೇಡ.

ಇಷ್ಟಕ್ಕೆ ಎಲ್ಲವೂ ಕಾಣುತ್ತದೆ, ಜನ ಕೆಲಸ ಮುಗಿಯಿತೆಂದು ಎದ್ದುಬಿಡುತ್ತಾರೆ. ತೊಡಕು ಶುರುವಾಗುವುದೇ ಇಲ್ಲಿಂದ. ಥಂಡರ್‌ಬರ್ಡ್‌ನಲ್ಲಿ 'ಹೋಮ್' ಎಂಬ ಇನ್ನೊಂದು ಕ್ಯಾಲೆಂಡರ್ ಮೊದಲಿನಿಂದಲೇ ಇರುತ್ತದೆ. ಅದು ಇರುವುದು ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಮಾತ್ರ. ಎಡಪಟ್ಟಿಯಲ್ಲಿ ಯಾವ ಕ್ಯಾಲೆಂಡರಿನ ಹೆಸರು ಆಯ್ಕೆಯಾಗಿದೆಯೋ ಹೊಸ ಕಾರ್ಯಕ್ರಮ ಅಲ್ಲಿಗೇ ಹೋಗುತ್ತದೆ. 'ಹೋಮ್' ಆಯ್ಕೆಯಾಗಿದ್ದಾಗ ಶುಕ್ರವಾರದ ಚೌಕದ ಮೇಲೆ ಎರಡು ಸಲ ಒತ್ತಿ 'ಗ್ಯಾಸ್ ಬುಕಿಂಗ್' ಎಂದು ಬರೆದಿರೋ, ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ, ಫೋನಿಗೆ ಅದರ ಸುಳಿವೇ ಇರದು. ಬೈಗುಳ ಮಾತ್ರ ಸಿಂಕ್‌ಗೆ.

ಆದ್ದರಿಂದ 'ಹೋಮ್' ಅನ್ನು ಮುಚ್ಚಿಬಿಡಿ. ಅದರಲ್ಲಿ ಹಳೆಯ ನಮೂದುಗಳಿದ್ದರೆ ಮೊದಲು ಐಸಿಎಸ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಅದೇ ಫೈಲನ್ನು ಗೂಗಲ್ ಕ್ಯಾಲೆಂಡರಿಗೆ ಇಂಪೋರ್ಟ್ ಮಾಡಿ (ಇಂಪೋರ್ಟ್‌ನ ನಿಜವಾದ ಉಪಯೋಗ ಇದೇ). ಆಮೇಲೆ 'ಹೋಮ್' ಹೆಸರಿನ ಮೇಲೆ ಬಲಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಅದನ್ನು ಚಾಲೂ ಇಡುವ ಟಿಕ್ ತೆಗೆಯಿರಿ. ಹಿಂದೊಮ್ಮೆ ಜೆರಾಕ್ಸ್ ದಾರಿ ಹಿಡಿದವರಿಗೆ ಪ್ರತಿ ಕಾರ್ಯಕ್ರಮವೂ ಎರಡೆರಡು ಸಲ ಕಾಣುತ್ತಿರುತ್ತದೆ. ಒಂದೊಂದಾಗಿ ಅಳಿಸುತ್ತ ಕೂರಬೇಡಿ, ಕೈ ತಪ್ಪಿ ಗೂಗಲ್‌ನದ್ದು ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ. ಆ ಜೆರಾಕ್ಸ್ ಕೂತಿರುವ ಕ್ಯಾಲೆಂಡರನ್ನೇ ಮುಚ್ಚಿದರೆ ಸಾಕು.

ಗೂಗಲ್ ಕ್ಯಾಲೆಂಡರಿನ ಪ್ರಾಪರ್ಟೀಸ್‌ನಲ್ಲೂ ಮೂರು ಕಡೆ ಕಣ್ಣಾಡಿಸಿ. 'ರೀಡ್ ಓನ್ಲಿ' ಟಿಕ್ ಇರಕೂಡದು. ರಿಫ್ರೆಶ್ ಸಾಮಾನ್ಯವಾಗಿ 30 ನಿಮಿಷಕ್ಕೆ ಇರುತ್ತದೆ, 15 ಮಾಡಿ. ಒಂದು ನಿಮಿಷಕ್ಕಿಟ್ಟರೆ ಲಾಭವಿಲ್ಲ, ತೀರಾ ಅವಸರವಿದ್ದಾಗ 'ಸಿಂಕ್ರನೈಸ್' ಒತ್ತಿದರಾಯಿತು. ಫೋನೂ ಕಂಪ್ಯೂಟರೂ ಒಟ್ಟಿಗೆ ಕೂಗಿಕೊಳ್ಳುವುದು ಬೇಡವಾದರೆ ಇಲ್ಲಿಯ ರಿಮೈಂಡರ್ ಟಿಕ್ ತೆಗೆಯಿರಿ.

ಬೆಳಿಗ್ಗೆ 10ರ ಮೀಟಿಂಗ್ ನಸುಕಿನ 4.30ಕ್ಕೆ ಕಾಣುತ್ತಿದೆಯೇ? ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಬಂದರೆ ತಪ್ಪು ಸಿಂಕ್‌ನದ್ದಲ್ಲ, ಥಂಡರ್‌ಬರ್ಡ್ ಭಾರತದ ವೇಳೆ ಬಿಟ್ಟು ಯುಟಿಸಿ (ಜಗತ್ತಿನ ಪ್ರಮಾಣ ವೇಳೆ) ಹಿಡಿದು ಕೂತಿದೆ. ಕ್ಯಾಲೆಂಡರ್ ಸೆಟ್ಟಿಂಗ್‌ನ ಟೈಮ್‌ಝೋನ್‌ನಲ್ಲಿ ಏಷ್ಯಾ/ಕೋಲ್ಕತ್ತಾ ಆರಿಸಿ. ಕಾರ್ಯಕ್ರಮಗಳನ್ನು ಕೈಯಾರೆ ಮುಂದೆ ತಳ್ಳಲು ಹೋದರೆ ಫೋನಿನಲ್ಲಿ ಮಧ್ಯಾಹ್ನ ಮೂರೂವರೆ ಆಗುತ್ತದೆ.

ಕೊನೆಗೆ ಪರೀಕ್ಷೆ, ಎರಡೂ ದಿಕ್ಕಿನಲ್ಲಿ. ಕಂಪ್ಯೂಟರಿನಲ್ಲೊಂದು ಸುಳ್ಳು ಕಾರ್ಯಕ್ರಮ ಬರೆದು ಫೋನಿನಲ್ಲಿ ನೋಡಿ, ಫೋನಿನಲ್ಲಿ ಅದರ ಹೊತ್ತು ಬದಲಿಸಿ, ಇಲ್ಲಿ 'ಸಿಂಕ್ರನೈಸ್' ಒತ್ತಿ ನೋಡಿ. ಒಂದು ದಿಕ್ಕು ನೋಡಿ ಸುಮ್ಮನಾಗಬೇಡಿ. ಫೋನಿಗೆ ಏನೂ ಬರದಿದ್ದರೆ ಅಲ್ಲಿಯ ಗೂಗಲ್ ಖಾತೆಯಲ್ಲಿ ಕ್ಯಾಲೆಂಡರ್ ಸಿಂಕ್ ಆಫ್ ಆಗಿರಬಹುದು.

ಹಬ್ಬಗಳನ್ನು ನೀವೇ ಸೇರಿಸುವಾಗ 'ಪ್ರತಿವರ್ಷ' ಎಂದು ಒತ್ತುವ ಮುನ್ನ ಯೋಚಿಸಿ. ರಾಜ್ಯೋತ್ಸವಕ್ಕೆ ಅದು ಸರಿ. ಯುಗಾದಿ 2025ರಲ್ಲಿ ಮಾರ್ಚ್ 30ಕ್ಕೆ ಇತ್ತು, 2026ರಲ್ಲಿ ಮಾರ್ಚ್ 19ಕ್ಕೆ. ಪ್ರತಿವರ್ಷ ಎಂದಿದ್ದರೆ ಬೇವು-ಬೆಲ್ಲದ ನೆನಪು ಹನ್ನೊಂದು ದಿನ ತಡವಾಗಿ ಬರುತ್ತದೆ.

ಗೂಗಲ್ ಟಾಸ್ಕ್ಸ್‌ನಲ್ಲಿ ಬರೆದಿಟ್ಟ ಕೆಲಸಗಳು ಮಾತ್ರ ಈ ದಾರಿಯಲ್ಲಿ ಬರುವುದಿಲ್ಲ, ಏಕೆಂದರೆ ಗೂಗಲ್‌ನ ಕ್ಯಾಲ್‌ಡ್ಯಾವ್ ಸಾಗಿಸುವುದು ಕಾರ್ಯಕ್ರಮಗಳನ್ನಷ್ಟೇ. ಕಂಪ್ಯೂಟರಿನಲ್ಲೂ ಕಾಣಲೇಬೇಕಾದ ಕೆಲಸಕ್ಕೆ ಅರ್ಧ ಗಂಟೆಯ ಕಾರ್ಯಕ್ರಮವಾಗಿ ಹೊತ್ತು ಕೊಟ್ಟು ಬರೆಯಿರಿ.