ಹಿತ್ತಲಿಗೆ ಮಾಕಿಂಗ್‌ಬರ್ಡ್ ಬಂದು ನೆಲೆಸಿದ್ದು: ನನ್ನ ಅನುಭವ

ಟೆಕ್ಸಾಸ್‌ನ ಆಸ್ಟಿನ್ ನಗರದ ಹೊರವಲಯದಲ್ಲಿ ನಮ್ಮ ಮನೆಯಿದೆ. ಹಿತ್ತಲೆಂದರೆ ಮರದ ಬೇಲಿಯೊಳಗಿನ ಒಂದು ತುಂಡು ಹುಲ್ಲುಹಾಸು. ಅಗೆದರೆ ಅಂಗೈ ಆಳಕ್ಕೇ ಸುಣ್ಣಕಲ್ಲು ಸಿಗುತ್ತದೆ. ಈ ರಾಜ್ಯವು 1927ರಲ್ಲಿಯೇ ಮಾಕಿಂಗ್‌ಬರ್ಡನ್ನು ತನ್ನ ರಾಜ್ಯಪಕ್ಷಿಯಾಗಿ ಆರಿಸಿಕೊಂಡಿದೆ, ಊರಿನ ಬಹುತೇಕ ಬೀದಿಗಳಲ್ಲಿ ಅದರ ದನಿ ಕೇಳುತ್ತದೆ. ನಮ್ಮ ಮಡಿವಾಳ ಹಕ್ಕಿಗಿಂತ ತುಸು ದೊಡ್ಡದು, ಬೂದು ಮೈ, ಉದ್ದ ಬಾಲ, ಹಾರಿದಾಗ ರೆಕ್ಕೆಯಲ್ಲಿ ಎದ್ದು ತೋರುವ ಬಿಳಿ ಪಟ್ಟೆ. ಇಲ್ಲಿನ ಜನ ಹಕ್ಕಿಗಳಿಗೆಂದು ಕಾಳಿನ ಡಬ್ಬಿ ತೂಗುಹಾಕುತ್ತಾರೆ, ಆದರೆ ಮಾಕಿಂಗ್‌ಬರ್ಡ್ ಕಾಳಿಗೆ ಒಲಿಯುವ ಹಕ್ಕಿಯಲ್ಲ. ಬೇಸಿಗೆಯಲ್ಲಿ ಮಿಡತೆ, ಜೀರುಂಡೆ, ಕಂಬಳಿಹುಳುಗಳನ್ನೂ ಚಳಿಗಾಲದಲ್ಲಿ ಹಣ್ಣುಗಳನ್ನೂ ನೆಚ್ಚಿಕೊಂಡು ಬದುಕುವ ಈ ಹಕ್ಕಿಯನ್ನು ಕರೆಯಬೇಕಾದರೆ ಪೊದೆಗಳನ್ನು ನೆಡಬೇಕು, ಹುಳುಗಳನ್ನು ಉಳಿಸಬೇಕು. ನಾನು ಹಿಡಿದದ್ದು ಅದೇ ದಾರಿಯನ್ನು.

ಮೊದಲು ಹುಲ್ಲಿಗೆ ಕೀಟನಾಶಕ ಹೊಡೆಸುವುದನ್ನು ನಿಲ್ಲಿಸಿದೆವು. ಬೇಲಿಯ ಉದ್ದಕ್ಕೂ ಈ ನೆಲದ್ದೇ ಆದ ಮೂರು ಬಗೆಯ ಗಿಡಗಳನ್ನು ಹಾಕಿದೆ: ಯೋಪಾನ್ ಹಾಲಿ, ಪಾಸಮ್‌ಹಾ, ಬ್ಯೂಟಿಬೆರಿ. ಬ್ಯೂಟಿಬೆರಿಯ ಕಾಂಡದ ಗೆಣ್ಣುಗೆಣ್ಣಿಗೆ ನೇರಳೆ ಬಣ್ಣದ ಹಣ್ಣಿನ ಗೊಂಚಲುಗಳು ಬೇಸಿಗೆಯ ಕೊನೆಗೆ ಸುತ್ತುವರಿದು ಕೂರುತ್ತವೆ, ಚಳಿ ಬರುವ ಹೊತ್ತಿಗೆ ಖಾಲಿಯಾಗುತ್ತವೆ. ಯೋಪಾನ್ ಮತ್ತು ಪಾಸಮ್‌ಹಾಗಳ ಕೆಂಪು ಹಣ್ಣುಗಳಾದರೋ ಚಳಿಗಾಲವಿಡೀ ಕೊಂಬೆಯಲ್ಲೇ ಉಳಿದು, ಬೇರೇನೂ ಸಿಗದ ಜನವರಿ, ಫೆಬ್ರವರಿಯಲ್ಲಿ ಒದಗುತ್ತವೆ. ಇವೆರಡರಲ್ಲಿಯೂ ಹೆಣ್ಣು ಗಿಡ, ಗಂಡು ಗಿಡ ಬೇರೆಬೇರೆ. ಹಣ್ಣು ಬಿಡುವುದು ಹೆಣ್ಣು ಗಿಡ ಮಾತ್ರ, ಅದಕ್ಕೂ ಹತ್ತಿರದಲ್ಲೊಂದು ಗಂಡು ಗಿಡ ಇರಬೇಕು. ಆದ್ದರಿಂದ ಚಳಿಗಾಲದಲ್ಲಿ ನರ್ಸರಿಗೆ ಹೋಗಿ, ಹಣ್ಣು ಹೊತ್ತು ನಿಂತ ಗಿಡವನ್ನೇ ನೋಡಿ ತರುವುದು ಕ್ಷೇಮ. ಯೋಪಾನಿನ ಎಲೆಯಲ್ಲಿ ಕೆಫೀನ್ ಇರುವುದರಿಂದ ಇಲ್ಲಿನ ಮೂಲನಿವಾಸಿಗಳು ಅದನ್ನು ಕುದಿಸಿ ಕುಡಿಯುತ್ತಿದ್ದರು, ಇಂದೂ ಚಹಾದಂತೆ ಮಾರುತ್ತಾರೆ. ಆದರೆ ಹಣ್ಣು ಮನುಷ್ಯರು ತಿನ್ನುವಂಥದ್ದಲ್ಲ, ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ನೆನಪಿಡಬೇಕು.

ಗಿಡಗಳು ಎದೆಯೆತ್ತರಕ್ಕೆ ಬಂದ ಮೇಲೆ ಒಂದು ಮಾಕಿಂಗ್‌ಬರ್ಡ್ ಯೋಪಾನನ್ನು ತನ್ನದಾಗಿಸಿಕೊಂಡಿತು. ಚಳಿಗಾಲದಲ್ಲಿ ಈ ಹಕ್ಕಿ ಹಣ್ಣಿನ ಪೊದೆಯೊಂದನ್ನು ಹಿಡಿದು ಕಾವಲು ಕಾಯುತ್ತದೆ. ರಾಬಿನ್ ಬಂದರೂ ಅಟ್ಟುತ್ತದೆ, ಅಳಿಲು ಬಂದರೂ ಅಟ್ಟುತ್ತದೆ. ಸೀಡರ್ ವ್ಯಾಕ್ಸ್‌ವಿಂಗ್‌ಗಳ ಹಿಂಡು ಬಂದಿಳಿದಾಗ ಮಾತ್ರ ಅದರ ಆಟ ನಡೆಯುವುದಿಲ್ಲ. ಒಂದನ್ನು ಓಡಿಸುವಷ್ಟರಲ್ಲಿ ಉಳಿದವು ನುಂಗಿ ಮುಗಿಸುತ್ತವೆ. ಅದಕ್ಕೇ ಹಣ್ಣಿನ ಗಿಡಗಳನ್ನು ಒಂದೇ ಕಡೆ ಗುಂಪಾಗಿ ನೆಡದೆ, ಒಂದು ಮೂಲೆಗೂ ಇನ್ನೊಂದು ಮೂಲೆಗೂ ಹಂಚಿ ನೆಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮಾರ್ಚ್ ಬಂದರೆ ಹಾಡಿನ ಕಾಲ. ಚಿಮಣಿಯ ತುದಿಯಲ್ಲಿ ಕುಳಿತು ಕಾರ್ಡಿನಲ್‌ನ ಸಿಳ್ಳನ್ನು ನಾಲ್ಕು ಸಲ, ರೆನ್ ಹಕ್ಕಿಯ ಉಲಿಯನ್ನು ಐದು ಸಲ, ಬ್ಲೂಜೇಯ ಕಿರುಚನ್ನು ಮೂರು ಸಲ ಒಪ್ಪಿಸಿ, ನಡುವೆ ಯಾರದೋ ಕಾರಿನ ಅಲಾರಮ್ಮನ್ನೂ ಸೇರಿಸಿ, ಹಠಾತ್ತನೆ ನೇರವಾಗಿ ಮೇಲಕ್ಕೆ ಚಿಮ್ಮಿ, ಬಿಳಿ ಪಟ್ಟೆಯ ರೆಕ್ಕೆಯರಳಿಸಿ ಅದೇ ಜಾಗಕ್ಕೆ ಇಳಿದು ಹಾಡನ್ನು ಮುಂದುವರಿಸುತ್ತದೆ. ಒಂದೊಂದು ತುಣುಕನ್ನೂ ಮೂರು ಅಥವಾ ಹೆಚ್ಚು ಸಲ ಹೇಳಿ ಮುಂದಕ್ಕೆ ಹೋಗುವುದೇ ಇದರ ಗುರುತು. ಇದೇ ಬಗೆಯಲ್ಲಿ ಹಾಡುವ ಬ್ರೌನ್ ಥ್ರಾಷರ್ ಸಾಮಾನ್ಯವಾಗಿ ಎರಡು ಸಲ ಹೇಳುತ್ತದೆ. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಕಾಫಿ ಲೋಟ ಹಿಡಿದು ಬಹಳ ಹೊತ್ತು ಕೇಳಿ, "ನಮ್ಮ ಭೀಮರಾಜನಿಗೆ ಇದು ನೆಂಟ ಇರಬೇಕು ಕಣೇ" ಎಂದರು. ಭೀಮರಾಜ ಕಾಜಾಣಗಳ ಕುಲದ್ದು, ಇದರದು ಬೇರೆಯೇ ಕುಲ. ಆದರೆ ಕಾಡಿನ ಹತ್ತಾರು ದನಿಗಳನ್ನು ಕದ್ದು ಹಾಡುವುದರಲ್ಲಿ ಎರಡೂ ನಿಪುಣ. ಜೊತೆ ಸಿಗದ ಗಂಡುಗಳು ಬೆಳದಿಂಗಳಲ್ಲಿ, ಬೀದಿದೀಪದ ಬೆಳಕಿನಲ್ಲಿ ರಾತ್ರಿಯಿಡೀ ಹಾಡುವುದುಂಟು. ನಿದ್ದೆ ಕೆಡುವುದು ನಿಜವಾದರೂ ಫ್ಯಾನಿನ ಸದ್ದು ಸಾಕಷ್ಟು ಮುಚ್ಚುತ್ತದೆ, ಜೊತೆ ಸಿಕ್ಕ ಮೇಲೆ ಇರುಳಿನ ಹಾಡು ತಾನಾಗಿ ತಗ್ಗುತ್ತದೆ.

ಗೂಡು ಕಟ್ಟುವಾಗ ಹೊರಗಿನ ಕಡ್ಡಿಗಳನ್ನು ಗಂಡು ಹೆಣೆಯುತ್ತದೆ, ಒಳಗಿನ ಮೆತ್ತೆಯನ್ನು ಹೆಣ್ಣು ಹಾಸುತ್ತದೆ. ನಮ್ಮಲ್ಲಿ ಕಟ್ಟಿದ್ದು ಪಾಸಮ್‌ಹಾದ ದಟ್ಟ ಕವಲಿನಲ್ಲಿ, ನನ್ನ ಕಣ್ಣಿನ ಮಟ್ಟಕ್ಕೆ. ತಿಳಿನೀಲಿ ಮೊಟ್ಟೆಗಳ ಮೇಲೆ ಕಂದು ಮಚ್ಚೆಗಳಿದ್ದವು. ಕಾವು 12–13 ದಿನ. ಮರಿಗಳು ಹೆಚ್ಚುಕಡಿಮೆ ಅಷ್ಟೇ ದಿನಗಳಲ್ಲಿ, ಸರಿಯಾಗಿ ಹಾರಲು ಬರುವ ಮೊದಲೇ ಗೂಡು ಬಿಡುತ್ತವೆ. ಹುಲ್ಲಿನ ಮೇಲೆ ಕುಪ್ಪಳಿಸುವ ಮರಿಯನ್ನು ಕಂಡು ತಾಯಿ ತಬ್ಬಲಿ ಮಾಡಿತೆಂದು ಎತ್ತಿ ಒಳಗೆ ತರಬಾರದು, ತಾಯಿತಂದೆ ಹತ್ತಿರದಲ್ಲೇ ಇದ್ದು ಉಣಿಸುತ್ತಿರುತ್ತವೆ. ಕೊಂಬೆ ಸವರುವ ಕೆಲಸವನ್ನು ನಾವು ಫೆಬ್ರವರಿಯೊಳಗೆ ಮುಗಿಸುತ್ತೇವೆ. 1918ರ ವಲಸೆ ಹಕ್ಕಿ ಒಪ್ಪಂದದ ಕಾಯಿದೆಯ ಪ್ರಕಾರ ಮೊಟ್ಟೆ, ಮರಿ ಇರುವ ಗೂಡನ್ನು ಕೆಡವುವುದು ಅಪರಾಧವೂ ಹೌದು.

ಆ ದಿನಗಳಲ್ಲಿ ಗೂಡಿನ ಪಕ್ಕದ ನಲ್ಲಿಯನ್ನು ದಿನವೂ ತಿರುಗಿಸುತ್ತಿದ್ದವರು ನಮ್ಮ ಯಜಮಾನರು. ಹಕ್ಕಿ ಅವರ ನೆತ್ತಿಗೇ ಎರಗುತ್ತಿತ್ತು; ಅಷ್ಟೇ ಹತ್ತಿರದಲ್ಲಿ ಸಂಡಿಗೆ ಒಣಗಿಸುತ್ತಿದ್ದ ಅಮ್ಮನನ್ನು ಮುಟ್ಟುತ್ತಿರಲಿಲ್ಲ. ಫ್ಲೋರಿಡಾ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೂಡಿಗೆ ಮತ್ತೆಮತ್ತೆ ಕೈಯಿಟ್ಟ ವ್ಯಕ್ತಿಯನ್ನು ಕೆಲವೇ ದಿನಗಳಲ್ಲಿ ಗುರುತಿಟ್ಟುಕೊಂಡು, ಉಳಿದ ದಾರಿಹೋಕರನ್ನು ಬಿಟ್ಟು ಅವನ ಮೇಲೆಯೇ ಈ ಹಕ್ಕಿಗಳು ಎರಗುತ್ತವೆಂದು ಕಂಡುಬಂದಿದೆ. ನಾವು ಉದ್ದನೆಯ ಪೈಪು ತಂದು ಇನ್ನೊಂದು ನಲ್ಲಿಯಿಂದ ನೀರು ಬಿಡತೊಡಗಿದ ಮೇಲೆ ಇಬ್ಬರಿಗೂ ನೆಮ್ಮದಿಯಾಯಿತು.

ಪೊದೆಗಳಷ್ಟೇ ಮುಖ್ಯವಾದದ್ದು ನೀರು. ಎರಡು ಬೆರಳು ಆಳದ ಅಗಲ ಮಣ್ಣಿನ ತಟ್ಟೆ, ನಡುವೆ ಚಪ್ಪಟೆ ಕಲ್ಲು. ಸೊಳ್ಳೆ ಹುಟ್ಟದಂತೆ ದಿನ ಬಿಟ್ಟು ದಿನ ಚೆಲ್ಲಿ, ಉಜ್ಜಿ, ಹೊಸ ನೀರು ತುಂಬಬೇಕು. ಇದಕ್ಕೆ ಕಾರ್ಡಿನಲ್‌ಗಳೂ ಹಲ್ಲಿಗಳೂ ಬರುತ್ತವೆ, ರಾತ್ರಿ ಪಾಸಮ್ ಎಂಬ, ಮರಿಗಳನ್ನು ಹೊಟ್ಟೆಚೀಲದಲ್ಲಿ ಸಾಕುವ ಪ್ರಾಣಿ ಬರುತ್ತದೆ. ಹಮ್ಮಿಂಗ್‌ಬರ್ಡಿಗೆ ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು ಸಾಕು, ಬಣ್ಣವಾಗಲಿ ಜೇನಾಗಲಿ ಬೇಡ. ಕುಂಡದ ನಿಂಬೆಯ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುಗಳು ಕೂತಿರುತ್ತವೆ. ನಮ್ಮೂರಿನ ನಿಂಬೆ ಚಿಟ್ಟೆಯ ಮರಿಹುಳುವಿನ ವೇಷವೂ ಇದೇ. ಇಲ್ಲಿನ ಹುಳು ಬೆಳೆದು ಜೈಂಟ್ ಸ್ವಾಲೋಟೇಲ್ ಚಿಟ್ಟೆಯಾಗುತ್ತದೆ. ನಾಲ್ಕು ಎಲೆ ಹೋದರೆ ಹೋಗಲಿ ಎಂದು ನಾನು ಬಿಡುತ್ತೇನೆ.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿ ಊರಿಗೂರೇ ವಿದ್ಯುತ್ತಿಲ್ಲದೆ ಕುಳಿತಾಗ, ಹಿಮದ ಮೇಲೆ ಕಾಣುತ್ತಿದ್ದ ಕೆಂಪೆಂದರೆ ಯೋಪಾನಿನ ಹಣ್ಣೊಂದೇ. ಹಕ್ಕಿ ಗರಿಯುಬ್ಬಿಸಿಕೊಂಡು ಅದರೊಳಗೇ ಕುಳಿತಿತ್ತು. ಅಡುಗೆಮನೆಯಲ್ಲಿದ್ದ ಒಣದ್ರಾಕ್ಷಿಯನ್ನು ನೀರಲ್ಲಿ ನೆನೆಸಿ, ಸಣ್ಣಗೆ ಹೆಚ್ಚಿ ಕಲ್ಲಿನ ಮೇಲಿಟ್ಟೆ, ತಿಂದಿತು. ಚಳಿ ಮುರಿದ ಮೇಲೆ ಅದನ್ನು ನಿಲ್ಲಿಸಿದೆ. ಹುಳು ಸಿಗುವ ಕಾಲದಲ್ಲಿ ಕೈತುತ್ತು ಅದಕ್ಕೆ ಬೇಕಿಲ್ಲ.

ಬ್ಯೂಟಿಬೆರಿಯ ಸಸಿಗಳು ಈಗ ಬೇಲಿಯ ಬುಡದಲ್ಲಿ, ಹಕ್ಕಿಗಳು ಕೂರುವ ಜಾಗದ ಕೆಳಗೆ, ತಾವಾಗಿ ಏಳುತ್ತಿವೆ. ಎಲೆ ಉದುರಿರುವ ಚಳಿಗಾಲದಲ್ಲಿ ಬೇರಿನ ಸುತ್ತ ಮಣ್ಣುಳಿಸಿ ಕಿತ್ತರೆ ಸುಲಭವಾಗಿ ನಾಟುತ್ತವೆ. ಕನ್ನಡ ಕೂಟದ ಗೆಳತಿಯರು ಕೇಳಿದಾಗ ಅವನ್ನೇ ಕುಂಡದಲ್ಲಿಟ್ಟು ಕೊಡುತ್ತೇನೆ, ಜೊತೆಗೆ ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೀರು ಹಾಕಿ ಎಂದು ಹೇಳಿ ಕಳುಹಿಸುತ್ತೇನೆ.