ಅಂಗಿಯ ತೋಳನ್ನು ಒಪ್ಪವಾಗಿ ಮಡಿಸುವ ಬಗೆ

ತುಂಬುತೋಳಿನ ಅಂಗಿ ತೊಟ್ಟ ಹುಡುಗರು ನಲ್ಲಿಯ ಮುಂದೆ ನಿಂತು, ಕೈ ಒದ್ದೆಯಾದ ಮೇಲೆ ತೋಳಿನ ನೆನಪು ಮಾಡಿಕೊಂಡು, ಆ ಒದ್ದೆ ಕೈಯಿಂದಲೇ ಅದನ್ನು ಮೊಣಕೈಯವರೆಗೆ ತಳ್ಳಿಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ಹೋಗಿ ನಾನೇ ಬಿಚ್ಚಿ ಸರಿಪಡಿಸಿಬಿಡುತ್ತೇನೆ. ನನ್ನ ಮೊಮ್ಮಗನೂ ಹೀಗೆಯೇ ಮಾಡುತ್ತಾನೆ. ಗುಂಡಿ ಬಿಚ್ಚುವುದಿಲ್ಲ, ಮಡಿಸುವುದಿಲ್ಲ, ಬರಿದೇ ತಳ್ಳುತ್ತಾನೆ. ಎರಡು ನಿಮಿಷಕ್ಕೆ ತೋಳು ಜಾರಿ ಮಣಿಕಟ್ಟಿಗೆ ಬಂದು ಸೋಪಿನ ನೀರು ಕುಡಿಯುತ್ತದೆ, ಆಗ "ಇದು ನಿಲ್ಲುವುದೇ ಇಲ್ಲ ಅಜ್ಜಿ" ಎಂದು ಅಂಗಿಯನ್ನು ದೂರುತ್ತಾನೆ. ಅಂಗಿಯದೇನೂ ತಪ್ಪಿಲ್ಲ. ಅದನ್ನು ಹೊಲಿದ ಕ್ರಮವನ್ನು ತಿಳಿದು ಮಡಿಸಿದರೆ ಬೆಳಗಿನಿಂದ ಸಂಜೆಯವರೆಗೂ ಅದು ಇಟ್ಟಲ್ಲೇ ಇರುತ್ತದೆ.

ತೋಳು ಕಂಕುಳ ಬಳಿ ಅಗಲವಾಗಿದ್ದು, ಕೆಳಕ್ಕೆ ಬಂದಂತೆ ಕಿರಿದಾಗುತ್ತದೆ. ತುದಿಯಲ್ಲಿ ಉಳಿದ ಅಗಲವನ್ನೂ ದರ್ಜಿಯವರು ಒಂದೆರಡು ನೆರಿಗೆ ಹಿಡಿದು ಕಫ್ಫಿಗೆ ಸೇರಿಸಿರುತ್ತಾರೆ. ನಮ್ಮ ಕೈಯೂ ಅಷ್ಟೆ, ಮಣಿಕಟ್ಟಿನಲ್ಲಿ ತೆಳು, ಮೊಣಕೈಗೆ ತುಸು ಕೆಳಗೆ ದಪ್ಪ. ಹೀಗಿರುವಾಗ ಇಡೀ ತೋಳಿನಲ್ಲಿ ಅತಿ ಕಿರಿದಾದ ಭಾಗವನ್ನು ಗುಂಡಿ ಹಾಕಿದಂತೆಯೇ ಮೇಲಕ್ಕೆ ಎಳೆದರೆ, ಅದು ಬಟ್ಟೆಯನ್ನೆಲ್ಲ ಮುದ್ದೆ ಮಾಡಿ, ಕೈಯನ್ನು ಬಿಗಿದು, ಚರ್ಮದ ಮೇಲೆ ಕೆಂಪು ಬರೆ ಮೂಡಿಸಿ, ಕೊನೆಗೆ ತೆಳುವಾದ ಕಡೆಗೇ ಜಾರುತ್ತದೆ. ಆದ್ದರಿಂದ ಮೊದಲು ಕಫ್ಫಿನ ಗುಂಡಿಯನ್ನೂ, ಆಮೇಲೆ ಅದರ ಮೇಲಿನ ಸೀಳಿನ ನಡುವೆ ಇರುವ ಚಿಕ್ಕ ಗುಂಡಿಯನ್ನೂ ಬಿಚ್ಚಬೇಕು. ಆ ಚಿಕ್ಕ ಗುಂಡಿಯನ್ನು ಬಿಚ್ಚುವವರನ್ನು ನಾನು ಈಚೆಗೆ ಕಂಡೇ ಇಲ್ಲ. ಅದನ್ನು ಸೀಳು ಬಾಯಿ ಬಿಡದಿರಲಿ ಎಂದು ಇಟ್ಟಿರುತ್ತಾರೆ. ಆದರೆ ಮಡಿಸುವಾಗ ಸೀಳು ಬಾಯಿ ಬಿಡಲೇಬೇಕು, ಇಲ್ಲವಾದರೆ ಕಿರಿದಾದ ಪಟ್ಟಿ ಅಗಲವಾದ ತೋಳನ್ನು ಸುತ್ತಿಕೊಳ್ಳುವುದಾದರೂ ಹೇಗೆ?

ಗಡಿಯಾರ, ಬಳೆ ಇದ್ದರೆ ತೆಗೆದಿಡಿ. ಇನ್ನು ಯಾವ ಕೈ ಮೊದಲು ಎಂಬುದು ಸಣ್ಣ ಮಾತಲ್ಲ. ಬಲಗೈ ರೂಢಿಯವರು ಬಲತೋಳನ್ನು ಮೊದಲು ಮಡಿಸಬೇಕು, ಏಕೆಂದರೆ ಅದನ್ನು ಮಡಿಸುವುದು ಎಡಗೈ, ಅದಕ್ಕೆ ಚುರುಕು ಕಡಿಮೆ. ಎಡಗೈ ತನ್ನ ಕೈಲಾದಂತೆ ಮಾಡಿ ಮುಗಿಸಲಿ. ಆಮೇಲೆ ಬಲಗೈ ಅದನ್ನು ನೋಡಿ ಎಡತೋಳನ್ನು ಅದೇ ಎತ್ತರಕ್ಕೆ ತಂದು ನಿಲ್ಲಿಸಲಿ. ತಿರುವುಮುರುವು ಮಾಡಿದರೆ ಒಂದು ತೋಳು ಮೊಣಕೈಯಲ್ಲಿ, ಇನ್ನೊಂದು ಅದರ ಕೆಳಗೆ ನಿಂತು, ನೋಡುವವರಿಗೆ ಒಂದು ಭುಜವೇ ಇಳಿದಂತೆ ಕಾಣುತ್ತದೆ.

ದಿನದ ಕೆಲಸಕ್ಕೆ ಸಾದಾ ಮಡಿಕೆಯೇ ಸಾಕು. ಕಫ್ಫನ್ನು ಅದರದೇ ಅಗಲಕ್ಕೆ ಹೊರಮುಖವಾಗಿ ಒಮ್ಮೆ ತಿರುಗಿಸಿ, ಅದೇ ಅಗಲದಲ್ಲಿ ಮತ್ತೊಮ್ಮೆ, ಬೇಕಿದ್ದರೆ ಮೂರನೆಯ ಬಾರಿ ಮಡಿಸಿದರೆ ಮುಗಿಯಿತು. ಮೊದಲನೆಯ ಮಡಿಕೆ ಕಫ್ಫಿನ ಹೊಲಿಗೆಯ ಮೇಲೆಯೇ ಬೀಳಬೇಕು; ಕಫ್ಫಿನ ಒಳಗಿರುವ ಗಟ್ಟಿ ಬಟ್ಟೆ ನಡುವೆ ಮುರಿದರೆ ಆ ಗೆರೆ ಮತ್ತೆ ಇಸ್ತ್ರಿಗೂ ಬಗ್ಗುವುದಿಲ್ಲ. ನಾಲ್ಕು ಸುತ್ತು ಆದರೆ ತೋಳಿನ ಮೇಲೆ ಬಟ್ಟೆಯ ಬಳೆ ತೊಟ್ಟಂತಾಗುತ್ತದೆ, ಅಲ್ಲಿಗೆ ಹೋಗಬೇಡಿ.

ಆದರೆ ಇಡೀ ದಿನ ನಿಲ್ಲಬೇಕು, ನೋಡಲೂ ಚೆನ್ನಾಗಿರಬೇಕು ಎಂದಾದರೆ ನಾನು ನಂಬಿರುವ ಮಡಿಕೆ ಬೇರೆಯೇ ಇದೆ. ಇದನ್ನು ನನಗೆ ಕಲಿಸಿದವರು ನನ್ನ ತಂದೆ. ಅವರದು ದಿನವಿಡೀ ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಮೇಜಿನ ಮುಂದೆ ಕುಳಿತ ಮೇಲೆ, ಶಾಯಿಯ ಕುಪ್ಪಿಯ ಮುಚ್ಚಳ ತೆಗೆಯುವ ಮೊದಲು, ಅವರು ಎರಡೂ ತೋಳುಗಳನ್ನು ಅವಸರವಿಲ್ಲದೆ ಮಡಿಸಿಕೊಳ್ಳುತ್ತಿದ್ದರು. ಅವರ ಬೆರಳುಗಳಲ್ಲಿ ಶಾಯಿ ಕಂಡಿದ್ದೇನೆ, ಕಫ್ಫಿನಲ್ಲಿ ಒಂದು ದಿನವೂ ಕಂಡಿಲ್ಲ. ನಾನು ಆರೇಳು ವರ್ಷದವಳು, ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಎಡಗೈಯಿಂದ ಮಡಿಸುವುದು ಕಷ್ಟವೆಂದು ಬಲತೋಳನ್ನು ನನ್ನ ಮುಂದೆ ಚಾಚುತ್ತಿದ್ದರು, ನಾನು ತಪ್ಪಿದರೆ ಬಿಚ್ಚಿಸಿ ಮತ್ತೆ ಮಾಡಿಸುತ್ತಿದ್ದರು.

ಎರಡೂ ಗುಂಡಿ ಬಿಚ್ಚಿದ ಮೇಲೆ ಕಫ್ಫಿನ ಅಂಚನ್ನು ಹಿಡಿದು, ಎಲ್ಲಿಯೂ ಮಡಿಕೆ ಮಾಡದೆ, ತೋಳಿನ ಒಳಮೈ ಹೊರಗೆ ಬರುವಂತೆ ತಿರುಗಿಸುತ್ತ ಮೇಲಕ್ಕೆ ಎಳೆಯಿರಿ. ಕಫ್ಫಿನ ಅಂಚು ಮೊಣಕೈಯನ್ನು ದಾಟಿ ಎರಡು ಬೆರಳಿನಷ್ಟು ಮೇಲೆ ಹೋಗಿ ನಿಲ್ಲಲಿ. ಈಗ ಮುಂಗೈಯ ನಡುವಿನಿಂದ ಮೊಣಕೈಯವರೆಗೆ ಬಟ್ಟೆ ಎರಡು ಪದರವಾಗಿ ಸಡಿಲವಾಗಿ ಕುಳಿತಿರುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಂಕುಳಿನಿಂದ ಇಳಿದು ಬಂದ ತೋಳಿನ ಉದ್ದ ಹೊಲಿಗೆಯನ್ನು ಬೆರಳಿನಿಂದ ತಡವಿ ಹುಡುಕಿ. ಹೊರಗೆ ತಿರುಗಿ ಬಂದ ಪದರದ ಹೊಲಿಗೆ ಒಳಗಿನ ಪದರದ ಹೊಲಿಗೆಯ ಮೇಲೆಯೇ ಕೂರುವವರೆಗೆ ಕಫ್ಫನ್ನು ಮೆಲ್ಲಗೆ ಅತ್ತಿತ್ತ ಸರಿಸಿ. ಹೊಲಿಗೆಯ ಮೇಲೆ ಹೊಲಿಗೆ ಕೂತರೆ ಸೀಳು ತಾನಾಗಿ ಕಿರುಬೆರಳಿನ ನೇರಕ್ಕೆ, ಕೈಯ ಹೊರಮಗ್ಗುಲಿಗೆ ಬರುತ್ತದೆ. ಇದೊಂದನ್ನು ಬಿಟ್ಟರೆ ಮಡಿಕೆ ಓರೆಯಾಗಿ, ಅಡ್ಡಡ್ಡ ಸುಕ್ಕು ಎದ್ದು, ಗಂಟೆಯೊಳಗೆ ತೋಳು ತಿರುಚಿಕೊಳ್ಳುತ್ತದೆ. ತಂದೆಯವರು ನನ್ನಿಂದ ಬಿಚ್ಚಿಸಿ ಮತ್ತೆ ಮಾಡಿಸುತ್ತಿದ್ದುದು ಬಹುಪಾಲು ಇದಕ್ಕಾಗಿಯೇ.

ಇನ್ನು ಮೊಣಕೈಯನ್ನು ಬಗ್ಗಿಸಿ, ಬರೆಯಲು ಕುಳಿತವರ ಹಾಗೆ. ಕೈ ನೀಡಿಕೊಂಡು ಮಡಿಸಿದವರಿಗೆ ಕೈ ಬಗ್ಗಿಸಿದ ಕೂಡಲೇ ಬಟ್ಟೆ ಬಿಗಿಯಾಗುತ್ತದೆ, ಆಗ ಮತ್ತೆ ಜಗ್ಗಾಟ ಶುರುವಾಗುತ್ತದೆ. ಬಗ್ಗಿಸಿದ ಕೈಯಲ್ಲಿಯೇ, ಕೆಳಗಿನ ಮಡಿಕೆಯ ಅಂಚನ್ನು ಎರಡೂ ಬದಿಯಿಂದ ಹಿಡಿದು ಒಂದೇ ಬಾರಿ ಮೇಲಕ್ಕೆ ಮಡಿಸಿ. ಅದು ಕಫ್ಫಿನ ಕೆಳಗಿನ ಅರ್ಧವನ್ನು ಮುಚ್ಚಬೇಕು, ಮೇಲಿನ ಅರ್ಧ ಕಾಣುತ್ತಿರಬೇಕು. ಸೀಳಿನ ಎರಡು ತುದಿಗಳು ಕೋಡಿನಂತೆ ಎದ್ದಿದ್ದರೆ ಒಳಗೆ ತೂರಿಸಬೇಡಿ, ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ ಬಿಡಿ. ಕೊನೆಗೆ ಮಡಿಕೆಯೊಳಗೆ ಎರಡು ಬೆರಳು ಸಲೀಸಾಗಿ ಆಡುತ್ತವೆಯೇ ಎಂದು ನೋಡಿ, ಭುಜದ ಕಡೆಯಿಂದ ಬಟ್ಟೆಯನ್ನು ಒಂದಿಷ್ಟೇ ಕೆಳಗೆ ಸಡಿಲಿಸಿ, ಕೈಯನ್ನು ಒಮ್ಮೆ ಮೇಲೆತ್ತಿ ಇಳಿಸಿ. ಗಟ್ಟಿಯಾದ ಕಫ್ಫು ಒಳಗಿನಿಂದ ಒತ್ತಿ ಹಿಡಿದಿರುವುದರಿಂದ ಇದು ಜಾರುವುದಿಲ್ಲ, ಬಿಚ್ಚುವಾಗ ಅಂಚನ್ನು ಹಿಡಿದು ಒಂದು ಸಲ ಎಳೆದರೆ ಸಾಕು, ಇಡೀ ತೋಳು ಸುಕ್ಕಿಲ್ಲದೆ ಇಳಿಯುತ್ತದೆ.

ನೂಲಿನ ಬಟ್ಟೆ, ನಾರುಬಟ್ಟೆಯ ಅಂಗಿಗಳು ಮಡಿಕೆಯನ್ನು ಚೆನ್ನಾಗಿ ಹಿಡಿಯುತ್ತವೆ. ಪಾಲಿಯೆಸ್ಟರ್ ಮತ್ತು ರೇಷ್ಮೆ ನುಣುಪಾದ್ದರಿಂದ ಸಾದಾ ಮಡಿಕೆಯಲ್ಲಿ ಜಾರುತ್ತವೆ, ಅವಕ್ಕೆ ಮೇಲೆ ಹೇಳಿದ ಬಗೆಯೇ ಆಗಬೇಕು. ಕಫ್ಫನ್ನೇ ಎರಡು ಪದರ ಮಡಿಸಿ ಕೊಂಡಿ ಹಾಕುವ ಅಂಗಿಗಳನ್ನು ಮಾತ್ರ ಮಡಿಸಲು ಹೋಗಬೇಡಿ. ಅವು ಹಾಗೆಯೇ ಇಳಿಬಿಟ್ಟು ತೊಡುವುದಕ್ಕೆಂದೇ ಹೊಲಿದವು.

ಯಾವಾಗ ಮಡಿಸಬೇಕೆಂದರೆ, ಕೆಲಸಕ್ಕೆ ಕೈ ಹಾಕುವ ಮೊದಲು, ಕೈ ಒಣಗಿರುವಾಗ. ರೋಗಿಯ ಆರೈಕೆ, ಎಳೆಗೂಸನ್ನು ಎತ್ತಿಕೊಳ್ಳುವುದು, ಇವಕ್ಕೆ ಮುಂಚೆಯಂತೂ ಮೊಣಕೈಯವರೆಗೆ ಮಡಿಸಿ, ಮಣಿಕಟ್ಟಿನವರೆಗೂ ಸೋಪು ಹಚ್ಚಿ ತೊಳೆಯಲೇಬೇಕು. ಕಂಡಕಂಡದ್ದಕ್ಕೆಲ್ಲ ತಾಗುವ ಕಫ್ಫು ಎಷ್ಟು ಕೊಳೆ ಹೊತ್ತಿರುತ್ತದೆಂದು ಒಗೆಯುವವರಿಗೆ ಗೊತ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಮುಟ್ಟುವ ವೈದ್ಯರ ಕೈಗಳು ಮೊಣಕೈಯಿಂದ ಕೆಳಗೆ ಬರಿದಾಗಿರಬೇಕೆಂದು 2007ರಲ್ಲಿ ನಿಯಮವನ್ನೇ ಪ್ರಕಟಿಸಿದರು. ಇನ್ನು ಮಡಿಸಬಾರದ ಹೊತ್ತೂ ಉಂಟು. ಕಾದ ಎಣ್ಣೆಯ ಮುಂದೆ, ಬ್ಲೀಚಿನಂಥ ಸುಡುವ ದ್ರವ ಬಳಸುವಾಗ, ಮುಳ್ಳಿನ ಗಿಡ ಕತ್ತರಿಸುವಾಗ, ಹತ್ತರಿಂದ ನಾಲ್ಕರವರೆಗಿನ ಬಿಸಿಲಿನಲ್ಲಿ, ಸೊಳ್ಳೆಯ ಸಂಜೆಯಲ್ಲಿ ತೋಳು ಇಳಿಸಿ ಗುಂಡಿ ಹಾಕಿ, ಚರ್ಮ ಉಳಿಯುತ್ತದೆ. ತಿರುಗುವ ಯಂತ್ರದ ಹತ್ತಿರ ಹೋಗುವವರು ಸಡಿಲವಾದ ತೋಳನ್ನೂ, ಹೊರಮುಖವಾಗಿ ಮಡಿಸಿದ ತೋಳನ್ನೂ ನೆಚ್ಚದೆ ಅರ್ಧತೋಳಿನ ಅಂಗಿ ತೊಡುವುದೇ ಕ್ಷೇಮ. ಹಿರಿಯರ ಮುಂದೆ, ಸಭೆಯಲ್ಲಿ, ಸಂತಾಪ ಹೇಳಲು ಹೋದಲ್ಲಿ ತೋಳು ಇಳಿಸಿರಲಿ. ತೋಳೇರಿಸಿಕೊಂಡು ಬಂದ ಎಂದರೆ ನಮ್ಮ ಮಾತಿನಲ್ಲಿ ಜಗಳಕ್ಕೇ ಬಂದ ಎಂದರ್ಥ. ಮೇಲಂಗಿ ತೊಡುವುದಿದ್ದರೂ ಮೊದಲು ತೋಳು ಇಳಿಸಿಕೊಳ್ಳಿ. ಮಡಿಕೆಯ ಮೇಲೆಯೇ ಮೇಲಂಗಿ ಎಳೆದು, ತೋಳಿನೊಳಗೆ ಏನೋ ಗಂಟು ಕಟ್ಟಿಕೊಂಡಂತೆ ಓಡಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಡಿಸಿದ ತೋಳನ್ನು ಹಾಗೆಯೇ ಒಗೆಯಲು ಹಾಕುವವರಿಗೂ ಒಂದು ಮಾತು ಹೇಳಬೇಕು. ಮಡಿಕೆಯೊಳಗಿನ ಬೆವರು, ಧೂಳು ಹೊರಗೆ ಬರುವುದಿಲ್ಲ. ಹೊರಗೆ ನೀರು ಓಡಾಡುತ್ತದೆ, ಒಳಗೆ ಕೊಳೆ ಕೊಳೆಯಾಗಿಯೇ ಉಳಿಯುತ್ತದೆ, ಒಣಗಿದ ಮೇಲೂ ಆ ಭಾಗ ತಣ್ಣಗಿದ್ದು ಮುಗ್ಗಲು ವಾಸನೆ ಹಿಡಿಯುತ್ತದೆ. ಅಂಗಿ ಕಳಚುವಾಗಲೇ ತೋಳು ಬಿಚ್ಚಿ, ಕಫ್ಫಿನ ಅಂಚಿಗೆ ಸೋಪು ಉಜ್ಜಿ ಸ್ವಲ್ಪ ಹೊತ್ತು ಬಿಟ್ಟು ಒಗೆಯಿರಿ. ಒಣಹಾಕುವ ವಿಷಯದಲ್ಲಿಯೂ ಮಕ್ಕಳು ಮಾಡುವುದು ಉಲ್ಟಾ: ಭುಜಕ್ಕೆ ಕ್ಲಿಪ್ಪು ಸಿಕ್ಕಿಸಿ ಎರಡು ಮೂಗು ಎಬ್ಬಿಸುತ್ತಾರೆ. ಅಂಗಿಯನ್ನು ಒಳಮೈ ಹೊರಗೆ ಮಾಡಿ, ಕೆಳಗಿನ ಅಂಚಿಗೆ ಕ್ಲಿಪ್ಪು ಹಾಕಿ ತಲೆಕೆಳಗಾಗಿ ತೂಗುಹಾಕಿದರೆ ಬಣ್ಣವೂ ಉಳಿಯುತ್ತದೆ, ಭುಜವೂ ಉಳಿಯುತ್ತದೆ. ಇಸ್ತ್ರಿ ಮಾಡುವಾಗ ಮೊದಲು ಕಫ್ಫನ್ನು ಬಿಚ್ಚಿ ಹಾಸಿ ಒಳಮೈಗೆ, ಆಮೇಲೆ ಹೊರಮೈಗೆ ಪೆಟ್ಟಿಗೆ ಆಡಿಸಿ. ತಂದೆಯವರ ಮಡಿಕೆಯಲ್ಲಿ ಹೊರಗೆ ಕಾಣುವುದು ಕಫ್ಫಿನ ಒಳಮೈ, ಅದರಲ್ಲಿ ಸುಕ್ಕಿದ್ದರೆ ಮಡಿಸಿದ ಶ್ರಮವೆಲ್ಲ ವ್ಯರ್ಥ. ಸೀಳಿನ ಚಿಕ್ಕ ಗುಂಡಿ ಸಡಿಲವಾಗಿದೆಯೇ ಎಂದು ಅದೇ ಹೊತ್ತಿನಲ್ಲಿ ನೋಡಿ, ಸಡಿಲವಿದ್ದರೆ ಅಂದೇ ನಾಲ್ಕು ಹೊಲಿಗೆ ಹಾಕಿಬಿಡಿ. ಅದು ಬಿದ್ದು ಹೋದರೆ ಆ ಅಳತೆಯ ಗುಂಡಿ ಸುಲಭಕ್ಕೆ ಸಿಗುವುದಿಲ್ಲ.