ಹೆಪ್ಪು ಹತ್ತದ ಹಾಲು

ಆ ವಾರ ನಮ್ಮ ಮನೆಯಲ್ಲಿ ಮೂರು ದಿನ ಮೊಸರಾಗಲಿಲ್ಲ. ಅಮ್ಮ ಮೊದಲು ಹೆಪ್ಪನ್ನು ಬೈದಳು, ಆಮೇಲೆ ಚಳಿಯನ್ನು. ನಾಲ್ಕನೇ ದಿನ ಪಕ್ಕದ ಮನೆಯಿಂದ ಹೆಪ್ಪು ತಂದು ಹಾಕಿದಳು. ಬೆಳಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. "ಆ ಹಸುವಿಗೆ ಏನು ಚುಚ್ಚಿಸಿದ್ದೀಯೋ?" ಅಂತ ಕೇಳಿದಳು.

ಗೌರಿಗೆ ಕೆಚ್ಚಲು ಬಾವು ಬಂದಿತ್ತು. ಆಂಟಿಬಯೋಟಿಕ್ ಇಂಜೆಕ್ಷನ್ ನಡೆಯುತ್ತಿತ್ತು. ಬಾವು ಬಂದ ತೊಟ್ಟಿನ ಹಾಲನ್ನು ಚೆಲ್ಲುತ್ತಿದ್ದೆ. ಉಳಿದ ಮೂರು ತೊಟ್ಟಿನ ಹಾಲು ನೋಡೋಕೆ ಚೆನ್ನಾಗಿಯೇ ಇತ್ತು. ಒಂದು ಲೀಟರ್ ಮನೆಗೆ, ಮಿಕ್ಕಿದ್ದು ಡೈರಿಗೆ. ಕತ್ತಿಗೆ ಚುಚ್ಚಿದ ಔಷಧಿ ರಕ್ತದಲ್ಲಿ ಹೋಗಿ ನಾಲ್ಕೂ ತೊಟ್ಟಿಗೆ ಇಳಿಯುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾಗಳೇ ತಾನೇ? ಅವು ಹಾಲಿಗೆ ಬಿದ್ದ ಕೂಡಲೇ ಸಾಯುತ್ತಿದ್ದವು. ಕಾಯಿಸಿದರೂ ಈ ಔಷಧಿಗಳಲ್ಲಿ ಹೆಚ್ಚಿನವು ಪೂರ್ತಿ ಹೋಗುವುದಿಲ್ಲ.

ನಮ್ಮದು ಮಾಲೂರು ಕಡೆ ಹಳ್ಳಿ. ಏಳು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ತಳಿ) ಹಸು ಇವೆ. ಅಲ್ಲಿಯವರೆಗೆ ನಾನು ಮಾಡುತ್ತಿದ್ದುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಡಾಕ್ಟರಿಗೆ ಹತ್ತಾರು ಹಳ್ಳಿ, ಕರೆದ ಹೊತ್ತಿಗೆ ಬರೋಕಾಗಲ್ಲ. ಹಾಗಾಗಿ ಹಳೇ ಬಾಟಲಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಅದನ್ನೇ ತರುತ್ತಿದ್ದೆ. ಚೀಟಿ ಕೇಳಿದವರಿಲ್ಲ. ಸೂಜಿ ಹಾಕೋಕೆ ಊರಲ್ಲೇ ಒಬ್ಬರಿದ್ದರು. ಎರಡು ದಿನ ಚುಚ್ಚಿ, ಹಾಲಿನಲ್ಲಿ ಗಟ್ಟಿ ಚೂರು ಬರುವುದು ನಿಂತರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮಿಕ್ಕ ಔಷಧಿ ಕಿಟಕಿ ಮೇಲೆ, ಮುಂದಿನ ಹಸುವಿಗೆ. ಹಸುವಿನ ತೂಕ ಎಷ್ಟು, ಎಷ್ಟು ಎಂಎಲ್ ಬೇಕು ಅನ್ನುವುದೆಲ್ಲ ಅಂದಾಜು. ಅರೆಬರೆ ಔಷಧಿಯಲ್ಲಿ ಸಾಯದೆ ಉಳಿಯುವುದು ಗಟ್ಟಿ ರೋಗಾಣುಗಳು. ಕೊಟ್ಟಿಗೆಯಲ್ಲಿ ನಾನು ಅವನ್ನೇ ಸಾಕುತ್ತಿದ್ದೆ. ಒಂದೊಂದು ಬಾವೂ ಹಿಂದಿನದಕ್ಕಿಂತ ನಿಧಾನವಾಗಿ ಇಳಿಯತೊಡಗಿತು. ನಾನು ಕಂಪನಿ ಔಷಧಿ ಕಲಬೆರಕೆ ಅಂದುಕೊಂಡಿದ್ದೆ.

ಅದೇ ವರ್ಷ ಅಪ್ಪನಿಗೆ ಶ್ವಾಸಕೋಶದ ಸೋಂಕಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ನರ್ಸಮ್ಮ ಸೆಫ್ಟ್ರಿಯಾಕ್ಸೋನ್ ಅಂತ ಬರೆದಿದ್ದ ಸೀಸೆ ತಂದರು. ನಮ್ಮ ಕಿಟಕಿ ಮೇಲೆ ಕೂತಿದ್ದ ಸೀಸೆಯಲ್ಲೂ ಅದೇ ಹೆಸರು. ಸುಮ್ನೆ ನೋಡುತ್ತಾ ಕೂತೆ.

ಮೊಸರಿನ ಕತೆ ಕೇಳಿ ಡಾಕ್ಟರು ನಕ್ಕರು, ಆಮೇಲೆ ಗದರಿಸಿದರು. "ಇನ್ನು ಮುಂದೆ ಪರೀಕ್ಷೆ ಮಾಡಿಸದೆ ನಾನು ಬರೆದುಕೊಡಲ್ಲ" ಅಂದರು. ಲಕ್ಷ್ಮಿಗೆ ಬಾವು ಮರುಕಳಿಸಿದಾಗ ಹಾಲಿನ ಮಾದರಿ ತೆಗೆಯುವುದನ್ನು ಅವರೇ ಕಲಿಸಿದರು. ತೊಟ್ಟು ತೊಳೆದು ಒರೆಸಬೇಕು. ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಬೇಕು. ಮೊದಲ ಮೂರ್ನಾಲ್ಕು ಧಾರೆ ಬಿಟ್ಟು, ಬಾಟಲಿಯನ್ನು ಓರೆ ಹಿಡಿದು ಸ್ವಲ್ಪ ಹಾಲು ಹಿಡಿಯಬೇಕು. ಮುಚ್ಚಳದ ಒಳಮೈ ಮುಟ್ಟಬಾರದು. ಇಂಜೆಕ್ಷನ್ ಶುರು ಮಾಡುವ ಮೊದಲೇ ತೆಗೆಯಬೇಕು, ಇಲ್ಲದಿದ್ದರೆ ಏನೂ ಬೆಳೆಯಲ್ಲ. ಐಸ್ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಬಸ್ ಹತ್ತಿ ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯಕ್ಕೆ ಹೋದೆ. ಡಬ್ಬಿ ನೋಡಿ ಕಂಡಕ್ಟರ್ "ಮೀನಾ?" ಅಂದ.

ಪ್ರಯೋಗಾಲಯದಲ್ಲಿ ಹಾಲಿನ ರೋಗಾಣುಗಳನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧಿ ಹೀರಿಸಿದ ಚಿಕ್ಕ ಚಿಕ್ಕ ಬಿಲ್ಲೆ ಇಡುತ್ತಾರೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ ಮೂಡುತ್ತದೆ. ಫಲಿತಾಂಶ ಬರೋಕೆ ಎರಡು ಮೂರು ದಿನ ಬೇಕು. ಚೀಟಿಯಲ್ಲಿ ನಾನು ಎರಡು ವರ್ಷದಿಂದ ಚುಚ್ಚಿಸುತ್ತಿದ್ದ ದುಬಾರಿ ಔಷಧಿಯ ಮುಂದೆ 'ಆರ್' ಅಂತ ಇತ್ತು. ಅಂದರೆ ರೋಗಾಣು ಅದಕ್ಕೆ ಬಗ್ಗುತ್ತಿಲ್ಲ. ಹಳೇ ಕಾಲದ, ಅದರ ಅರ್ಧ ಬೆಲೆಯೂ ಇಲ್ಲದ ಜೆಂಟಾಮೈಸಿನ್ ಮುಂದೆ 'ಎಸ್', ಅಂದರೆ ನಾಟುತ್ತದೆ. ಡಾಕ್ಟರು ಅದನ್ನೇ ಪೂರ್ತಿ ಅವಧಿಗೆ ಕೊಟ್ಟರು. ಲಕ್ಷ್ಮಿ ಚೇತರಿಸಿಕೊಂಡಳು. ನಿಮ್ಮ ಹಸುವಿಗೂ ಅದೇ ಆಗಬೇಕು ಅಂತೇನಿಲ್ಲ, ನನ್ನ ಚೀಟಿ ನೋಡಿ ತರಬೇಡಿ.

ಔಷಧಿ ಸರಿಹೋಯಿತು. ಆದರೆ ಬಾವು ಬರುತ್ತಲೇ ಇತ್ತು. ಕಾರಣ ನನ್ನ ಕೈಯಲ್ಲೇ ಇತ್ತು. ನಾನು ಹೆಬ್ಬೆರಳು ಮಡಿಚಿ ಕರೆಯುತ್ತಿದ್ದೆ. ಅಪ್ಪ ಕಲಿಸಿದ್ದೇ ಹಾಗೆ. ಆ ಗೆಣ್ಣು ದಿನಾ ಎರಡು ಹೊತ್ತು ತೊಟ್ಟಿನ ಒಳಗನ್ನು ಜಜ್ಜುತ್ತದೆ. ಮುಷ್ಟಿಯಲ್ಲಿ ತೊಟ್ಟು ಹಿಡಿದು ಕರೆಯೋಕೆ ಕಲಿಯಲು ಒಂದು ತಿಂಗಳು ಹಿಡಿಯಿತು, ಮೊದಲ ವಾರ ಮಣಿಕಟ್ಟು ಊದಿಕೊಂಡಿತ್ತು. ಕರೆದ ಮೇಲೆ ತೊಟ್ಟಿನ ಬಾಯಿ ಅರ್ಧ ಗಂಟೆಯಾದರೂ ತೆರೆದೇ ಇರುತ್ತದೆ. ಹಸು ಆಗ ಮಲಗಿದರೆ ಸಗಣಿ ಗಂಜಲ ನೇರ ಒಳಕ್ಕೆ. ಅದಕ್ಕೆ ಈಗ ಹಸಿ ಮೇವು ಹಾಕುವುದು ಕರೆದ ಮೇಲೆಯೇ, ತಿನ್ನುತ್ತಾ ನಿಂತಿರಲಿ ಅಂತ. ಹಾಲು ಕರೆದ ಕೂಡಲೇ ಪ್ರತಿ ತೊಟ್ಟನ್ನೂ ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದುತ್ತೇನೆ. ಬಾವು ಬಂದ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯುತ್ತೇನೆ.

ಬಾವು ಕಣ್ಣಿಗೆ ಕಾಣುವ ಮೊದಲೇ ಹಿಡಿಯೋಕೆ ಸೋಪಿನ ಪುಡಿ ಸಾಕು. ಪಾಕಿಸ್ತಾನದ ಫೈಸಲಾಬಾದಿನ ಪಶುವೈದ್ಯರು ಬಡ ರೈತರಿಗೆಂದೇ ರೂಪಿಸಿದ ವಿಧಾನ ಇದು. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಸೋಪಿನ ಪುಡಿ ಕದಡಬೇಕು. ನಾಲ್ಕು ತೊಟ್ಟಿನ ಹಾಲನ್ನು ನಾಲ್ಕು ಬಟ್ಟಲಿಗೆ ಹಿಡಿದು, ಅಷ್ಟೇ ಸೋಪಿನ ನೀರು ಬೆರೆಸಿ ಒಂದು ನಿಮಿಷ ಅಲ್ಲಾಡಿಸಬೇಕು. ಲೋಳೆಯಾದರೆ ಆ ತೊಟ್ಟಿನಲ್ಲಿ ಒಳಬಾವು ಇದೆ. ನಾನು ಹದಿನೈದು ದಿನಕ್ಕೊಮ್ಮೆ ಮಾಡುತ್ತೇನೆ.

ಲೋಳೆ ಬಂದರೆ ಮೊದಲು ಲೋಳೆಸರದ ಲೇಪ. ಎನ್‌ಡಿಡಿಬಿಯವರು (ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ) ಮತ್ತು ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯದವರು ಹೇಳಿಕೊಡುವ ಅಳತೆ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ. ರುಬ್ಬಿದರೆ ಕೆಂಪಗಾಗುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿಕೊಂಡು ಕೆಚ್ಚಲಿಗೆ ದಿನಕ್ಕೆ ಹತ್ತು ಸಲ, ಐದು ದಿನ ಹಚ್ಚಬೇಕು. ಹತ್ತು ಸಲ ಅಂದರೆ ಹತ್ತು ಸಲವೇ. ಎರಡು ಸಲ ಹಚ್ಚಿ "ನಾಟಿ ಔಷಧಿ ಕೆಲಸ ಮಾಡಲ್ಲ" ಅನ್ನುವವರೇ ಜಾಸ್ತಿ. ನನ್ನ ಹಸುಗಳಲ್ಲಿ ಶುರುವಿನ ಬಾವು ಬಹಳ ಸಲ ಇಷ್ಟಕ್ಕೇ ಇಳಿದಿದೆ. ಆದರೆ ಇದನ್ನೇ ನಂಬಿ ಒಂದು ಸಲ ಕೆಟ್ಟೆ. ತುಂಗೆಗೆ ಜ್ವರ ಬಂದು ಮೇವು ಬಿಟ್ಟಿದ್ದಳು, ಹಾಲು ನೀರಿನ ಹಾಗೆ ಬರುತ್ತಿತ್ತು. ಆಗಲೂ ಎರಡು ದಿನ ಲೇಪ ಹಚ್ಚುತ್ತಾ ಕೂತೆ. ಹಸು ಉಳಿಯಿತು, ಒಂದು ತೊಟ್ಟು ಶಾಶ್ವತವಾಗಿ ಹೋಯಿತು. ಜ್ವರವಿದ್ದರೆ ಆಂಟಿಬಯೋಟಿಕ್ ಬೇಕೇ ಬೇಕು, ಅದೇ ದಿನ.

ಕಷ್ಟವಾದದ್ದು ಹಾಲು ಚೆಲ್ಲುವುದು. ಔಷಧಿ ಡಬ್ಬಿಯ ಮೇಲೆ ಚಿಕ್ಕ ಅಕ್ಷರದಲ್ಲಿ ಕೊನೇ ಡೋಸ್ ಆದ ಮೇಲೆ ಎಷ್ಟು ಗಂಟೆ ಹಾಲು ಬಳಸಬಾರದು ಅಂತ ಬರೆದಿರುತ್ತದೆ. ಇಂಜೆಕ್ಷನ್ ದಿನ ಸೇರಿದರೆ ಆರೇಳು ದಿನದ ಹಾಲು. ದಿನಕ್ಕೆ ಹದಿನಾಲ್ಕು ಲೀಟರ್ ಕೊಡುವ ಹಸು. ಮೊದಲ ಸಲ ಬಕೆಟ್ ಹಿಡಿದುಕೊಂಡು ತಿಪ್ಪೆಯ ಹತ್ತಿರ ಬಹಳ ಹೊತ್ತು ನಿಂತಿದ್ದೆ. ಕರುವಿಗೆ ಕುಡಿಸೋಣ ಅಂದರೆ ಅದೂ ತಪ್ಪು, ಅದರ ಹೊಟ್ಟೆಯಲ್ಲೂ ಔಷಧಿಗೆ ಬಗ್ಗದ ರೋಗಾಣು ಬೆಳೆಯುತ್ತವೆ. ನಮ್ಮ ಹಾಲಿನ ಸಂಘದಲ್ಲಿ ನೋಡುವುದು ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಷ್ಟೇ. ಹಾಕಿದರೆ ಯಾರಿಗೂ ಗೊತ್ತಾಗಲ್ಲ. ಅದೇ ನನ್ನನ್ನು ಕಾಡುತ್ತಿದ್ದದ್ದು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದ ತುಂಬಾ 6,432 ಹಾಲಿನ ಮಾದರಿ ಪರೀಕ್ಷಿಸಿದಾಗ 77ರಲ್ಲಿ ಆಂಟಿಬಯೋಟಿಕ್ ಮಿತಿಗಿಂತ ಜಾಸ್ತಿ ಇತ್ತು. ಕಡಿಮೆ ಅನ್ನಿಸಬಹುದು. ನನ್ನಂಥವನ ಒಂದು ಕ್ಯಾನ್ ದೊಡ್ಡ ಟ್ಯಾಂಕಿಗೆ ಬಿದ್ದು ತೆಳುವಾಗಿಬಿಡುತ್ತದೆ, ಅಲ್ವಾ? ಆದರೆ ಕೊಟ್ಟಿಗೆಯ ಸಗಣಿ, ಗಂಜಲ, ನನ್ನ ಕೈ, ಅಲ್ಲಿ ಬೆಳೆದ ರೋಗಾಣು ಯಾವುದೂ ತೆಳುವಾಗುವುದಿಲ್ಲ.

ಕೋಳಿ ಸಾಕುವವರಿಗೆ 2019ರ ಜುಲೈನಲ್ಲಿ ಸರ್ಕಾರ ಕೊಲಿಸ್ಟಿನ್ ನಿಷೇಧ ಮಾಡಿತು. ಆಸ್ಪತ್ರೆಯಲ್ಲಿ ಬೇರೇನೂ ನಾಟದಿದ್ದಾಗ ಕೊನೆಗೆ ಕೊಡುವ ಔಷಧಿಯದು. ಅದನ್ನು ಕೋಳಿ ಬೇಗ ಬಲಿಯಲಿ ಅಂತ ಮೇವಿಗೆ ಬೆರೆಸುತ್ತಿದ್ದರಂತೆ. ಕೇಳಿ ನಗೋಣ ಅಂದುಕೊಂಡೆ, ನನ್ನ ಕಿಟಕಿ ನೆನಪಾಯಿತು.

ಈಗ ಕಿಟಕಿ ಮೇಲೆ ಒಂದು ನೋಟ್‌ಬುಕ್ ಇದೆ. ಹಸುವಿನ ಹೆಸರು, ಔಷಧಿ, ಮೊದಲ ಡೋಸ್, ಕೊನೇ ಡೋಸ್, ಹಾಲು ಹಾಕುವ ತಾರೀಖು. ಔಷಧಿಯಲ್ಲಿರುವ ಹಸುವಿನ ಹಿಂಗಾಲಿಗೆ ಕೆಂಪು ಬಟ್ಟೆ ಕಟ್ಟುತ್ತೇವೆ, ನಾನಿಲ್ಲದಾಗ ಯಾರಾದರೂ ಕರೆದರೂ ಬೆರೆಸದಿರಲಿ ಅಂತ. ಅಮ್ಮ ಮಾತ್ರ ನೋಟ್‌ಬುಕ್ ನಂಬುವುದಿಲ್ಲ. ಗಡುವು ಮುಗಿದ ದಿನ ಆ ಹಸುವಿನ ಹಾಲನ್ನು ಒಂದು ಲೋಟ ಬೇರೆ ತೆಗೆದು ಹೆಪ್ಪು ಹಾಕಿಡುತ್ತಾಳೆ. ಬೆಳಗ್ಗೆ ಅದು ಗಟ್ಟಿಯಾಗಿದ್ದರೆ ಮಾತ್ರ ಕಾಲಿನ ಕೆಂಪು ಬಟ್ಟೆ ಬಿಚ್ಚೋಕೆ ಬಿಡುತ್ತಾಳೆ.